ಡಿಎನ್‌ಎಯನ್ನು ಕುಣಿಕೆ ಮಾಡೋದು ಪ್ರೋಟೀನಾ, ಅದರ ಸ್ವಂತ ರಚನೆಯಾ?

ಡಿಎನ್‌ಎ ಕುಣಿಕೆಯಾಗಿ ಬಾಗೋದು ಪ್ರೋಟೀನ್ ಎಳೆಯೋದರಿಂದಲೋ, ತನ್ನದೇ ಮೈಕಟ್ಟಿನಿಂದಲೋ ಅಂತ ಕೇಳಿದ್ದೀರಿ. ಎರಡೂ ಬೇಕು. ಹಿಡಿದು ಕಟ್ಟೋದು ಪ್ರೋಟೀನ್. ಆದರೆ ಎಲ್ಲಿ ಕಟ್ಟೋಕೆ ಆಗುತ್ತೆ ಅನ್ನೋದು ಡಿಎನ್‌ಎಯ ಹುರಿಯ ಮೇಲಿದೆ.

ನಾನು ಧಾರವಾಡದ ಸಪ್ತಾಪುರದಲ್ಲಿ ಪಿಯು ಮಕ್ಕಳಿಗೆ ಬಯಾಲಜಿ ಟ್ಯೂಷನ್ ಹೇಳುತ್ತೇನೆ. ಇದನ್ನು ತೋರಿಸೋಕೆ ಗಿಡಕ್ಕೆ ನೀರು ಬಿಡೋ ಪೈಪೇ ಸಾಕು. ಗೇಣುದ್ದದ ತುಂಡಿನ ಎರಡು ತುದಿ ಕೂಡಿಸಿ ನೋಡಿ, ನಡುವೆ ಮಡಚಿಕೊಳ್ಳುತ್ತದೆ. ಎರಡು ಮಾರು ಉದ್ದವಿದ್ದರೆ ಸಲೀಸು. ಡಿಎನ್‌ಎಯೂ ಹಾಗೇ, ಸುಮಾರು 150 ಅಕ್ಷರಜೋಡಿ (ಬೇಸ್ ಪೇರ್, ಡಿಎನ್‌ಎ ಏಣಿಯ ಒಂದೊಂದು ಮೆಟ್ಟಿಲು), ಅಂದರೆ 50 ನ್ಯಾನೋಮೀಟರ್‌ವರೆಗೆ ಸೆಟೆದುಕೊಂಡೇ ಇರುತ್ತದೆ. ಅದಕ್ಕಿಂತ ಗಿಡ್ಡ ಕುಣಿಕೆ ಬೇಕಂದರೆ ಐಎಚ್‌ಎಫ್‌ನಂಥ ಪ್ರೋಟೀನ್ ನಡುವೆ ಕೂತು ಬಗ್ಗಿಸಿಕೊಡುತ್ತದೆ.

ಈಗ ಪೈಪಿನ ಮೇಲೆ ಎರಡು ಕಡೆ ನೇಲ್ ಪಾಲಿಶ್ ಚುಕ್ಕೆ ಇಟ್ಟು, ಅವು ಪ್ರೋಟೀನ್ ಹಿಡಿಯೋ ಜಾಗ ಅಂದುಕೊಂಡು, ಚುಕ್ಕೆಗೆ ಚುಕ್ಕೆ ತಾಗಿಸಿ. ಎರಡೂ ಒಂದೇ ಮಗ್ಗುಲಲ್ಲಿದ್ದರೆ ಬಗ್ಗಿಸಿದರಾಯಿತು. ಒಂದು ಹಿಂದಕ್ಕೆ ಹೋಯಿತೋ, ಪೈಪನ್ನು ತಿರುಚಲೂ ಬೇಕು. ಒಮ್ಮೆ ಹುಡುಗಿಯೊಬ್ಬಳು ತಿರುಚೋಕೆ ಹೋಗಿ ಪೈಪು ಕೈತಪ್ಪಿ ನನ್ನ ಮುಖಕ್ಕೇ ಬಡಿಯಿತು. ಒಳಗೆ ಒಂದಿಷ್ಟು ನೀರೂ ಇತ್ತು ಅನ್ನಿ.

ವಿಜ್ಞಾನಿ ರಾಬರ್ಟ್ ಶ್ಲೈಫ್ ಅವರ ತಂಡ 1984ರಲ್ಲಿ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಕಂಡದ್ದು ಇದನ್ನೇ. ಅರಾಬಿನೋಸ್ ಅನ್ನೋ ಸಕ್ಕರೆ ಇಲ್ಲದಾಗ, ಅರಾ-ಸಿ ಪ್ರೋಟೀನ್ ಸುಮಾರು 210 ಅಕ್ಷರ ದೂರದ ಎರಡು ಜಾಗಗಳನ್ನು ಒಟ್ಟಿಗೆ ಹಿಡಿದು ಕುಣಿಕೆ ಹಾಕುತ್ತದೆ, ಆ ಸಕ್ಕರೆ ಬಳಸೋಕೆ ಬೇಕಾದ ಜೀನ್ ಬಂದ್. ಇವರು ನಡುವೆ ಸುಮ್ನೆ 5 ಅಕ್ಷರ ಸೇರಿಸಿದರು. ಜೀನ್ ಬಂದ್ ಆಗೋದೇ ಕೆಟ್ಟಿತು. 11 ಸೇರಿಸಿದಾಗ ಮತ್ತೆ ಸರಿ! ದೂರ ಜಾಸ್ತಿಯಾದರೂ ಕೆಲಸ ನಡೆಯಿತು, ಯಾಕೆ? ಡಿಎನ್‌ಎ ಸುಮಾರು 10.5 ಅಕ್ಷರಕ್ಕೆ ಒಂದು ಸುತ್ತು ಬರುತ್ತದೆ. 5 ಅಂದರೆ ಅರ್ಧ ಸುತ್ತು, ಚುಕ್ಕೆ ಹಿಂದಕ್ಕೆ ಹೋಯಿತು. 11ಕ್ಕೆ ಹೆಚ್ಚುಕಡಿಮೆ ಪೂರ್ತಿ ಸುತ್ತು. ಪುಸ್ತಕಗಳು ಈ ಪ್ರಯೋಗವನ್ನು ಒಂದೇ ಸಾಲಲ್ಲಿ ಮುಗಿಸುತ್ತವೆ, ನನಗಂತೂ ಅದು ಸಮಾಧಾನವಿಲ್ಲ.

ನಮ್ಮ ಜೀವಕೋಶದ ಉದ್ದುದ್ದ ಕುಣಿಕೆಗಳಲ್ಲಿ ಈ ಹುರಿಯ ಲೆಕ್ಕ ಅಷ್ಟಾಗಿ ನಡೆಯಲ್ಲ. ಅಲ್ಲಿ ಕೊಹೆಸಿನ್ ಅನ್ನೋ ಉಂಗುರದಂಥ ಪ್ರೋಟೀನ್ ಜೀವಕೋಶದ ಇಂಧನವಾದ ಎಟಿಪಿ ಖರ್ಚು ಮಾಡಿ ಡಿಎನ್‌ಎಯನ್ನು ಜಗ್ಗುತ್ತ ಕುಣಿಕೆ ದೊಡ್ಡದು ಮಾಡುತ್ತದೆ. ಸಿಟಿಸಿಎಫ್ ಪ್ರೋಟೀನ್ ಕೂತ ಜಾಗದಲ್ಲಿ ಸಾಮಾನ್ಯವಾಗಿ ನಿಲ್ಲುತ್ತದೆ, ಅದೂ ಎರಡು ಸಿಟಿಸಿಎಫ್ ಎದುರುಬದುರು ಮುಖ ಮಾಡಿದ್ದರೆ ಜಾಸ್ತಿ. ಆ ಪಾಠಕ್ಕೆ ಪೈಪು ಬೇಡ. ಬಟ್ಟೆ ಒಣಹಾಕೋ ಹಗ್ಗವನ್ನು ಮಡಚಿ ಬಳೆಯೊಳಗೆ ತೂರಿಸಿ ಜಗ್ಗಿ.