ಆಯ್ಕೆ ಪಟ್ಟಿಯಲ್ಲಿ ಹೆಸರಿದ್ದರೂ ಅತಿಥಿ ಉಪನ್ಯಾಸಕ ಕೆಲಸಕ್ಕೆ ಸೇರಬಹುದೇ?

ಸರ್ಕಾರಿ ಶಾಲಾ ಶಿಕ್ಷಕರ ತಾತ್ಕಾಲಿಕ ಆಯ್ಕೆ ಪಟ್ಟಿಯಲ್ಲಿ ನಿಮ್ಮ ಹೆಸರಿದೆ. ಈ ನಡುವೆ ಪಕ್ಕದ ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರಾಗಲು ಕರೆ ಬಂದಿದೆ. ಯಾವುದನ್ನು ಬಿಡಲಿ ಎಂದು ಕೇಳಿದ್ದೀರಿ. ಸದ್ಯಕ್ಕೆ ಯಾವುದನ್ನೂ ಬಿಡಬೇಕಾಗಿಲ್ಲ. ಕಾಲೇಜಿಗೆ ಸೇರಿಕೊಳ್ಳಿ, ನೇಮಕಾತಿ ಆದೇಶ ಕೈಗೆ ಬಂದ ಮೇಲೆ ಬಿಡುಗಡೆ ಕೇಳಿ. ನಾನೂ ಕೆಲವು ವರ್ಷ ಅತಿಥಿ ಉಪನ್ಯಾಸಕನಾಗಿದ್ದು ಆಮೇಲೆ ಕಾಯಂ ಹುದ್ದೆಗೆ ಬಂದವನು. ಎರಡೂ ಕಡೆಯ ಲೆಕ್ಕ ನೋಡಿಯೇ ಹೀಗೆ ಹೇಳುತ್ತಿದ್ದೇನೆ.

ತಾತ್ಕಾಲಿಕ ಪಟ್ಟಿಯೆಂದರೆ ಆಕ್ಷೇಪಣೆಗೆ ತೆರೆದಿಟ್ಟ ಪಟ್ಟಿ. ಅದಾದ ಮೇಲೆ ಅಂತಿಮ ಪಟ್ಟಿ, ದಾಖಲೆಗಳ ಪರಿಶೀಲನೆ, ಸ್ಥಳ ಆಯ್ಕೆಯ ಕೌನ್ಸೆಲಿಂಗ್ ಎಲ್ಲ ದಾಟಿ ಆದೇಶ ಬರಬೇಕು, ಮತ್ತು ಇವುಗಳಲ್ಲಿ ಯಾವ ಹಂತದಲ್ಲಿ ಬೇಕಾದರೂ ಯಾರಾದರೊಬ್ಬರು ನ್ಯಾಯಾಲಯಕ್ಕೆ ಹೋಗಬಹುದು. 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಯನ್ನೇ ನೋಡಿ: 2022ರ ಮೇ ತಿಂಗಳಲ್ಲಿ ಪರೀಕ್ಷೆ ಮುಗಿದಿದ್ದರೂ, ವಿವಾಹಿತ ಮಹಿಳೆಯರು ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ತಂದೆಯ ಹೆಸರಿನಲ್ಲಿ ಕೊಡಬೇಕೋ ಗಂಡನ ಹೆಸರಿನಲ್ಲೋ ಎಂಬ ವಿವಾದ ಹೈಕೋರ್ಟ್ ಮೆಟ್ಟಿಲೇರಿದ್ದರಿಂದ, ಆದೇಶಗಳು ಅಭ್ಯರ್ಥಿಗಳ ಕೈಸೇರುವಷ್ಟರಲ್ಲಿ 2023 ಮುಗಿಯುತ್ತ ಬಂದಿತ್ತು. ಅಷ್ಟು ಕಾಲ ಮನೆಯಲ್ಲಿ ಕೂತು ಕಾದವರೂ ಇದ್ದರು, ಎಲ್ಲೋ ಪಾಠ ಮಾಡುತ್ತ ಕಾದವರೂ ಇದ್ದರು. ಆದೇಶ ಇಬ್ಬರಿಗೂ ಒಟ್ಟಿಗೇ ಬಂತು. ಆಯ್ಕೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ನೇಮಕಾತಿ ಹಕ್ಕಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1991ರ ಶಂಕರಸನ್ ದಾಶ್ ಪ್ರಕರಣದಲ್ಲೇ ಹೇಳಿದೆ ಎಂಬುದೂ ನಿಮಗೆ ತಿಳಿದಿರಲಿ.

ಇನ್ನು ಅತಿಥಿ ಉಪನ್ಯಾಸಕ ಕೆಲಸದ ಬಗ್ಗೆಯೂ ಭ್ರಮೆ ಬೇಡ. 2022ರ ಜನವರಿಯಲ್ಲಿ ಗೌರವಧನವನ್ನು ಅರ್ಹತೆ ಮತ್ತು ಅನುಭವಕ್ಕೆ ತಕ್ಕಂತೆ 26,000ದಿಂದ 32,000 ರೂಪಾಯಿವರೆಗೆ ಏರಿಸಿದಾಗ ವಾರದ ಬೋಧನಾ ಅವಧಿಯನ್ನೂ 15 ಗಂಟೆಗೆ ಏರಿಸಲಾಯಿತು. ಇದ್ದಷ್ಟೇ ಕಾರ್ಯಭಾರ ಕಡಿಮೆ ಜನರಿಗೆ ಹಂಚಿಕೆಯಾಗಿ, ಕೆಲಸ ಕಳೆದುಕೊಂಡ ಹಲವರು ಏರಿದ ಸಂಬಳದ ಸುದ್ದಿ ಕೇಳಿದರೇ ಹೊರತು ಕೈಯಲ್ಲಿ ಕಾಣಲಿಲ್ಲ. ಕಾಯಂ ಉಪನ್ಯಾಸಕರೊಬ್ಬರು ವರ್ಗವಾಗಿ ಬಂದರೆ ಅತಿಥಿಯ ಕಾರ್ಯಭಾರ ಅವರಿಗೆ ಹೋಗುತ್ತದೆ. ಎಷ್ಟು ವರ್ಷ ದುಡಿದರೂ ಕಾಯಂ ಮಾಡಿ ಎಂದು ಹಕ್ಕಿನಿಂದ ಕೇಳುವಂತಿಲ್ಲ ಎಂದು 2006ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟ ಉಮಾದೇವಿ ಪ್ರಕರಣ ನಮ್ಮ ರಾಜ್ಯದ್ದೇ. ಆದ್ದರಿಂದ ಶಾಲೆಯ ಆದೇಶ ಬಂದ ದಿನ "ಕಾಲೇಜು ಮೇಷ್ಟ್ರು" ಎಂಬ ಗೌರವಕ್ಕೆ ಕಟ್ಟುಬಿದ್ದು ಹಿಂಜರಿಯಬೇಡಿ. (ಹೆಣ್ಣು ಕೊಡುವವರಂತೂ ಮೊದಲು ಕೇಳುವುದು "ಪರ್ಮನೆಂಟಾ?" ಎಂದೇ.)

ಸೇರುವಾಗ ಅಂಕಪಟ್ಟಿಗಳ ಮೂಲ ಪ್ರತಿಗಳನ್ನು ಯಾರ ಬಳಿಯೂ ಬಿಡದೆ, ತೋರಿಸಿ ವಾಪಸ್ ಪಡೆಯಿರಿ. ದಾಖಲೆ ಪರಿಶೀಲನೆಗೆ ಅವು ಯಾವಾಗ ಬೇಕಾಗುತ್ತವೋ ಹೇಳಲಾಗದು. ನಿಮ್ಮ ಹೆಸರು ಪಟ್ಟಿಯಲ್ಲಿರುವುದನ್ನು ಪ್ರಾಂಶುಪಾಲರಿಗೂ ವಿಭಾಗದ ಮುಖ್ಯಸ್ಥರಿಗೂ ಮೊದಲೇ ತಿಳಿಸಿಬಿಡಿ. ಸೆಮಿಸ್ಟರ್ ನಡುವೆ ಹೊರಡಬೇಕಾದರೆ ನಷ್ಟ ವಿದ್ಯಾರ್ಥಿಗಳದ್ದು; ಮುಂಚಿತವಾಗಿ ಗೊತ್ತಿದ್ದರೆ ನಿಮ್ಮ ಪತ್ರಿಕೆಯ ಉಳಿದ ಘಟಕಗಳನ್ನು ಯಾರಿಗೆ ವಹಿಸಬೇಕೆಂದು ಅವರು ಯೋಚಿಸಿಟ್ಟಿರುತ್ತಾರೆ.