ಮೋಟಾರ್ ಬದಲಿಸುವ ಮೊದಲು ಕೇಬಲ್ ನೋಡಿ

ಅಣ್ಣ, 5 ಎಚ್‌ಪಿ ಸಬ್‌ಮರ್ಸಿಬಲ್ (ನೀರೊಳಗೆ ಇಳಿಸುವ ಪಂಪ್ ಮೋಟಾರ್) ಎರಡನೇ ಸಲ ಸುಟ್ಟಿದೆ, ಬೇರೆ ಕಂಪನಿಯದ್ದು ಹಾಕಲಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ದುಡ್ಡು ಸುರಿಯಬೇಡಿ. ನೀವು ಬರೆದದ್ದರಲ್ಲೇ ಸುಳಿವಿದೆ. ಸ್ಟಾರ್ಟರ್‌ನಿಂದ (ಮೋಟಾರ್ ಚಾಲೂ ಮಾಡುವ ಪೆಟ್ಟಿಗೆ) ಮೋಟಾರ್‌ವರೆಗೆ 300 ಮೀಟರ್ ಕೇಬಲ್, ಅದೂ 2.5 ಸ್ಕ್ವೇರ್ ಎಂಎಂ ತಾಮ್ರದ್ದು. ಮೋಟಾರ್ ಓಡುವಾಗ ಸ್ಟಾರ್ಟರ್‌ನಲ್ಲೇ 370 ವೋಲ್ಟ್.

ಲೆಕ್ಕ ನೋಡಿ. ಈ ದಪ್ಪದ ತಾಮ್ರದ ತಂತಿಗೆ ಕಿಲೋಮೀಟರಿಗೆ ಸುಮಾರು 7.4 ಓಮ್ ರೋಧ ಇರುತ್ತದೆ. ನಿಮ್ಮ 300 ಮೀಟರಿಗೆ ಒಂದೊಂದು ತಂತಿಯಲ್ಲೂ 2.2 ಓಮ್. 10 ಆಂಪ್ಸ್ ಹರಿದರೆ ತ್ರೀಫೇಸ್ ಲೆಕ್ಕದಲ್ಲಿ ಹೆಚ್ಚುಕಡಿಮೆ 30 ವೋಲ್ಟ್ ದಾರಿಯಲ್ಲೇ ಇಳಿದುಹೋಗುತ್ತದೆ. 415 ಬೇಕಾದ ಮೋಟಾರ್‌ಗೆ ಸಿಗುವುದು 370ರಲ್ಲಿ ಆ 30 ಕಳೆದು 340. ಆ ಶಕ್ತಿ ಎಲ್ಲಿ ಹೋಯಿತು? ಕೇಬಲ್‌ನಲ್ಲಿ ಬಿಸಿಯಾಗಿ ಹೋಯಿತು. ಮೂರು ತಂತಿ ಸೇರಿ ಸುಮಾರು 660 ವ್ಯಾಟ್! ನೀರು ಬಿಡುವಷ್ಟು ಹೊತ್ತೂ ಒಂದು ಇಸ್ತ್ರಿಪೆಟ್ಟಿಗೆಯನ್ನು ಸುಮ್ನೆ ಉರಿಸಿದ ಹಾಗೆ.

ವೋಲ್ಟೇಜ್ ಕಡಿಮೆಯಾದರೆ ಕರೆಂಟೂ ಕಡಿಮೆ ಆಗಬೇಕು, ಮತ್ತೆ ಯಾಕೆ ಸುಡುತ್ತದೆ ಅಂತ ಮೇಲೆ ಒಬ್ಬರು ಕೇಳಿದ್ದಾರೆ. ಹಳೇ ಬಲ್ಬಿಗೆ ಆ ಮಾತು ಸರಿ, ಅದು ಮಂಕಾಗಿ ಉರಿದು ಸುಮ್ಮನಾಗುತ್ತದೆ. ಮೋಟಾರ್ ಹಾಗಲ್ಲ. ಪಂಪ್ ಅಷ್ಟೇ ನೀರನ್ನು ಅಷ್ಟೇ ಎತ್ತರಕ್ಕೆ ಎತ್ತಬೇಕು, ಅಲ್ವಾ? ವೋಲ್ಟೇಜ್ ಇಳಿದಷ್ಟೂ ಮೋಟಾರ್ ಜಾಸ್ತಿ ಆಂಪ್ಸ್ ಎಳೆಯುತ್ತದೆ. ಬಿಸಿ ಏರುವುದು ಆಂಪ್ಸಿನ ವರ್ಗಕ್ಕೆ ತಕ್ಕಂತೆ. 10 ಇದ್ದದ್ದು 12 ಆದರೆ ವೈಂಡಿಂಗ್‌ನಲ್ಲಿ (ಮೋಟಾರ್ ಒಳಗೆ ಸುತ್ತಿದ ತಂತಿ) ಬಿಸಿ 44 ಶೇಕಡಾ ಜಾಸ್ತಿ. ಒಂದು ಫೇಸ್ ಹೋದರಂತೂ ಉಳಿದ ಎರಡರಲ್ಲಿ ಆಂಪ್ಸ್ ಒಂದೂಮುಕ್ಕಾಲು ಪಟ್ಟು ಹತ್ತಿರ ಹೋಗುತ್ತದೆ, ಬಿಸಿ ಮೂರು ಪಟ್ಟು. ಒಂದು ಫೇಸ್ ಹೋದ ಕೂಡಲೇ ಮೋಟಾರ್ ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ.

ಕೇಬಲ್ 6 ಸ್ಕ್ವೇರ್ ಎಂಎಂ ಮಾಡಿದರೆ 30 ವೋಲ್ಟಿನ ನಷ್ಟ 13ಕ್ಕೆ ಬರುತ್ತದೆ. ಬೆಲೆ ಜಾಸ್ತಿ, ನಿಜ. ಆದರೆ ಪೈಪ್ ಎತ್ತಿಸಿ, ರೀವೈಂಡಿಂಗ್ ಮಾಡಿಸಿ, ಮತ್ತೆ ಇಳಿಸುವ ಖರ್ಚು ನಿಮಗೇ ಗೊತ್ತು. ಅಲ್ಯುಮಿನಿಯಂ ಅಗ್ಗ ಅಂತ ಅದೇ ಅಳತೆಯದ್ದು ತರಬೇಡಿ, ಅದರ ರೋಧ ತಾಮ್ರಕ್ಕಿಂತ ಒಂದೂವರೆ ಪಟ್ಟಿಗೂ ಮೇಲೆ. ಜಾಯಿಂಟ್‌ಗಳನ್ನೂ ನೋಡಿಸಿ. ಸಡಿಲ ಜಾಯಿಂಟ್ ಇದ್ದಲ್ಲಿ ಬಿಸಿ ಕಟ್ಟಿಕೊಳ್ಳುತ್ತದೆ, ಇನ್ಸುಲೇಷನ್ ಕರಗುತ್ತದೆ.

ಕೆಪಾಸಿಟರ್ ಹಾಕಿದರೆ ಸಾಕು ಅಂತ ಇನ್ನೊಬ್ಬರು ಹೇಳಿದ್ದಾರೆ. ಸ್ಟಾರ್ಟರ್ ಹತ್ತಿರ ಹಾಕಿದರೆ ಟಿಸಿಯಿಂದ (ಟ್ರಾನ್ಸ್‌ಫಾರ್ಮರ್) ಸ್ಟಾರ್ಟರ್‌ವರೆಗಿನ ಲೈನಿಗೆ ಅನುಕೂಲ, ಖಂಡಿತ ಹಾಕಿ. ಆದರೆ ಸ್ಟಾರ್ಟರ್‌ನಿಂದ ಮೋಟಾರ್‌ಗೆ ಹೋಗುವ ಕೇಬಲ್‌ನ ನಷ್ಟ ಅದರಿಂದ ಇಳಿಯುವುದಿಲ್ಲ. ಪದೇ ಪದೇ ಟ್ರಿಪ್ ಆಗುತ್ತದೆ ಅಂತ, ಆಂಪ್ಸ್ ಮಿತಿ ಮೀರಿದರೆ ಮೋಟಾರ್ ನಿಲ್ಲಿಸುವ ಓವರ್‌ಲೋಡ್ ರಿಲೇಯನ್ನು ಮೇಲಕ್ಕೆ ತಿರುಗಿಸಲೇಬೇಡಿ. ಮೋಟಾರ್ ಉಳಿಸುವುದೇ ಅದು.

ಈಗಿನ ಮೋಟಾರ್ ರಿಪೇರಿಯಾಗಿ ಬಂದ ಮೇಲೆ ಎಲೆಕ್ಟ್ರಿಷಿಯನ್ ಕೈಲಿ ಅಳತೆ ಮಾಡಿಸಿ. ಮೋಟಾರ್ ನಿಂತಾಗ ಮತ್ತು ಓಡುವಾಗ ಮೂರೂ ಫೇಸಿನ ವೋಲ್ಟೇಜ್, ಓಡುವಾಗ ಮೂರೂ ತಂತಿಯ ಆಂಪ್ಸ್. ನಿಂತಾಗಲೂ 370 ಹತ್ತಿರವೇ ಇದ್ದರೆ ಟಿಸಿ ಮೇಲೆ ಲೋಡ್ ಜಾಸ್ತಿ ಇರಬಹುದು. ಅದೇ ಟಿಸಿಯ ಅಕ್ಕಪಕ್ಕದ ರೈತರೂ ಸೇರಿ ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿಗೆ ಅರ್ಜಿ ಕೊಡಿ. ನಿಂತಾಗ 410 ಇದ್ದು ಓಡುವಾಗ ಮಾತ್ರ ಕುಸಿದರೆ ಕಂಬದಿಂದ ಸ್ಟಾರ್ಟರ್‌ಗೆ ಬರುವ ಸರ್ವಿಸ್ ವೈರ್, ಜಾಯಿಂಟ್ ನೋಡಿಸಿ. ಆ ಅಂಕಿಗಳನ್ನು ಇಲ್ಲೇ ಹಾಕಿ, ಮೋಟಾರ್‌ನ ನೇಮ್‌ಪ್ಲೇಟ್ ಫೋಟೋ ಜೊತೆಗೆ.