ತುಂಬೆ ಹೂವಿನ ಬಿಳುಪು ಹಿಡಿಯುವುದು ಹೇಗೆ?

ಪ್ರಶ್ನೆ: ನಮ್ಮ ಹೊಲದ ಬದುವಿನಲ್ಲಿ ತುಂಬೆ ಗಿಡ ಜಾಸ್ತಿ. ಮೊಬೈಲಿನಲ್ಲಿ ಹತ್ತಿರದಿಂದ ಫೋಟೊ ತೆಗೆದರೆ ಹೂ ಬರೀ ಬಿಳಿ ಚುಕ್ಕೆಯಾಗಿ ಬರುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ಮದ್ದೂರು

ಉತ್ತರ: ಬೆಳಕು ಜಾಸ್ತಿಯಾಗಿದೆ, ಅಷ್ಟೇ. ಪರದೆಯ ಮೇಲೆ ಹೂವನ್ನು ಒತ್ತಿ ಫೋಕಸ್ ಮಾಡಿ, ಆಮೇಲೆ ಬ್ರೈಟ್‌ನೆಸ್ ಇಳಿಸಿ. ಸುತ್ತಲಿನ ಎಲೆ ಕಪ್ಪಾದರೂ ಪರವಾಗಿಲ್ಲ. ತುಂಬೆಯ ಮೇಲಿನ ತುಟಿಯಲ್ಲಿ ಉಣ್ಣೆಯಂಥ ಬಿಳಿ ರೋಮ ಇರುತ್ತದೆ, ಕೆಳತುಟಿ ಅಗಲವಾಗಿ ಚಾಚಿಕೊಂಡಿರುತ್ತದೆ. ಆ ರೋಮ ಎಳೆಎಳೆಯಾಗಿ ಕಾಣಬೇಕು, ಅದೇ ಅದರ ಚೆಂದ! ಬಿಸಿಲಿದ್ದರೆ ಕೊಡೆ ಅಡ್ಡ ಹಿಡಿಯಿರಿ. ಮೊಬೈಲನ್ನು ತೀರಾ ಹತ್ತಿರ ಒಯ್ದರೆ ಫೋಕಸ್ ಕೂರುವುದಿಲ್ಲ. ಗೇಣುದ್ದ ಹಿಂದೆ ಸರಿದು ಜೂಮ್ ಮಾಡಿ, ಮೊಣಕೈ ನೆಲಕ್ಕೆ ಊರಿಕೊಳ್ಳಿ.

ಚಾಮುಂಡಿ ಬೆಟ್ಟದ ತಪ್ಪಲಿಗೆ ವಿಷ್ಣುಕ್ರಾಂತಿ ಹುಡುಕಿಕೊಂಡು ನಾನು ಬೆಳಿಗ್ಗೆಯೇ ಹೋಗುತ್ತೇನೆ. ಉಗುರಗಲದ ಆ ನೀಲಿ ಹೂ ಮಧ್ಯಾಹ್ನದ ಹೊತ್ತಿಗೆ ಮುದುಡಿಬಿಡುತ್ತದೆ. ಬೆಳಿಗ್ಗೆ ಗಾಳಿಯೂ ಕಡಿಮೆ ಅಲ್ವಾ?

ಒಂದು ಮಾತು. ಫೋಟೊ ಚೊಕ್ಕವಾಗಿ ಬರಲಿ ಎಂದು ಪಕ್ಕದ ಗಿಡಗಳನ್ನು ಸುಮ್ನೆ ಕೀಳಬೇಡಿ, ಬಾಗಿಸಿ ಹಿಡಿದರೆ ಸಾಕು. ಎಲೆ, ಕಾಂಡ ಕಾಣುವ ಹಾಗೆ ಇಡೀ ಗಿಡದ್ದೂ ಒಂದು ಫೋಟೊ ತೆಗೆದಿಡಿ. ಬರೀ ಹೂ ನೋಡಿ ಗಿಡ ಗುರುತಿಸುವುದು ಕಷ್ಟ.